ಸದ್ದೇ ಮಾಡದ ಯಂತ್ರ

ನನ್ನ ಗಂಡನದು ಬೀಗ ರಿಪೇರಿ ಕೆಲಸ. ಯಾವ ಬೀಗಕ್ಕೂ ಒಂದು ಕೀ ಸಾಲದು, ಇನ್ನೊಂದು ಎಲ್ಲಾದರೂ ಅಡಗಿರಲೇಬೇಕು ಎನ್ನುವವರ ಪೈಕಿ. ಅಂಥವನಿಗೆ ಸರ್ಕಾರದ ಸಹಾಯಧನದ ಮೇಲೆ ನಂಬಿಕೆ ಎಲ್ಲಿಂದ ಬರಬೇಕು?

“ಸುಮ್‌ಸುಮ್ನೆ ಯಾರು ದುಡ್ಡು ಕೊಡ್ತಾರೆ? ಏನೋ ಮಸಲತ್ತು ಇದೆ,” ಎಂದು ಮೂಗು ಮುರಿದ.

ನನಗೋ ಬೇರೆ ದಾರಿ ಇರಲಿಲ್ಲ. ಮನೆಯ ಮುಂದಿನ ಕೋಣೆಯೇ ನನ್ನ ಪಾರ್ಲರ್. ದಿನಕ್ಕೆ ಹತ್ತು ತಲೆ ತೊಳೆದರೂ ಬಂದದ್ದೆಲ್ಲ ಕರೆಂಟ್ ಬಿಲ್ಲಿನ ಬಾಯಿಗೆ. ಫ್ಯಾನಿನಿಂದ ಗಾಳಿಯ ಬಿಸಿ ಹೀರಿ ಕಡಿಮೆ ಕರೆಂಟಿನಲ್ಲಿ ನೀರು ಕಾಯಿಸುವ ಹೊಸ ಯಂತ್ರಕ್ಕೆ ಅರ್ಧ ಬೆಲೆ ಸರ್ಕಾರದ್ದು. ಷರತ್ತು ಒಂದೇ, ಹಳೆ ಗೀಸರ್ ಮನೆಯಲ್ಲಿರಬಾರದು. ಆ ಅರ್ಧ ಬರದಿದ್ದರೆ ಅಂಗಡಿಯವನು ಯಂತ್ರ ವಾಪಸ್ ಒಯ್ಯುತ್ತಾನೆ, ನಾನು ಪಾರ್ಲರ್ ಮುಚ್ಚಬೇಕು. ಹಟ ಹಿಡಿದು ಅರ್ಜಿ ಹಾಕಿದೆ.

ಯಂತ್ರ ಹಿತ್ತಲಿಗೆ ಬಂತು. ಪೈಪಿನ ಜೋಡಣೆಯೆಲ್ಲ ಗಂಡನೇ ಮಾಡಿದ. ಬಚ್ಚಲ ಗೋಡೆ ಬೋಳಾಯಿತು. ಗೀಸರನ್ನು ಗುಜರಿಗೆ ಹಾಕಿದೆ ಎಂದ. ನೀರೇನೋ ಸುಡುಸುಡು ಬಂತು. ಆದರೆ ಮೀಟರು ಮೊದಲಿನಂತೆಯೇ ಓಡುತ್ತಿತ್ತು. ಯಂತ್ರದ್ದು ಗುಂಯ್ ಎನ್ನುವ ಸದ್ದೂ ಇಲ್ಲ.

“ಸದ್ದು ಮಾಡ್ದೇ ಇರೋದೇ ಅದರ ಹೆಚ್ಚುಗಾರಿಕೆ ಕಣೇ. ಮೀಟ್ರಾ? ಅದನ್ನ ಅವರೇ ಏನೋ ಮಾಡಿರ್ತಾರೆ. ನಾನು ಮೊದ್ಲೇ ಹೇಳ್ಲಿಲ್ವಾ?”

ನನ್ನ ತಲೆಗೂ ಅನುಮಾನದ ಹುಳ ಹೊಕ್ಕಿತು. ಅಂಗಡಿಯವನು ಟೋಪಿ ಹಾಕಿದನೇ? ಕಚೇರಿಯವರೂ ಶಾಮೀಲೇ? ತಲೆ ತೊಳೆಸಿಕೊಳ್ಳಲು ಬಂದವರ ಮುಂದೆಲ್ಲ ಸರ್ಕಾರವನ್ನು ಬಾಯಿಗೆ ಬಂದಂತೆ ಬೈದೆ.

ಹದಿನೈದನೇ ದಿನ ಕಚೇರಿಯಿಂದ ತಪಾಸಣೆಯವಳು ಬಂದಳು. ತೆಳ್ಳಗಿನ ಹೆಂಗಸು, ಮಾತು ಕಮ್ಮಿ. ಇವತ್ತು ಇವಳನ್ನು ವಿಚಾರಿಸಿಕೊಂಡೇ ಬಿಡುತ್ತೇನೆ ಎಂದು ತೋಳೇರಿಸಿ ನಿಂತೆ.

ಅವಳು ನಲ್ಲಿ ತಿರುಗಿಸಿ ಕೈಯೊಡ್ಡಿದಳು, ಚುರ್ರೆಂದು ಹಿಂದಕ್ಕೆಳೆದುಕೊಂಡಳು. ಹಿತ್ತಲಿಗೆ ಹೋಗಿ ಯಂತ್ರದ ಮುಂದೆ ಬಗ್ಗಿದಳು.

“ಇದನ್ನ ಯಾವತ್ತಾದ್ರೂ ಆನ್ ಮಾಡಿದೀರಾ?”

ಫ್ಯಾನು ತಿರುಗದಂತೆ ಕಾರ್ಖಾನೆಯವರು ಅಂಟಿಸಿದ್ದ ಕೆಂಪು ಟೇಪು ಹಾಗೇ ಇತ್ತು. ಅವಳ ಕಣ್ಣು ಬಚ್ಚಲಿನಿಂದ ಅಟ್ಟಕ್ಕೆ ಏರಿದ್ದ ಪೈಪಿನ ಮೇಲೆ ಹೋಯಿತು. ಅಟ್ಟದ ಬಾಗಿಲಿಗೆ ಬೀಗ.

“ಕೀ ಕೊಡಿ,” ಎಂದೆ ಹಿಂದೆಯೇ ಬಂದು ನಿಂತಿದ್ದ ಗಂಡನಿಗೆ.

“ಕಳೆದ್ಹೋಗಿದೆ.”

“ಹಾಗಾದ್ರೆ ಇನ್ನೊಂದು ಕೊಡಿ.”

ತಲೆ ತಗ್ಗಿಸಿ ಕೊಟ್ಟ. ಅಟ್ಟದ ಮೇಲೆ ಹಳೆ ಗೀಸರ್ ಕೆಂಪು ದೀಪ ಬೆಳಗಿಸಿಕೊಂಡು ಕೂತಿತ್ತು.

“ಹೊಸದು ಕೈ ಕೊಟ್ರೆ ನಿನ್ ಕೆಲ್ಸ ನಿಲ್ಲುತ್ತಲ್ಲಾ ಅಂತ...” ಎಂದು ತಡವರಿಸಿದ.

ನಿಜಕ್ಕೂ ಅದೇ ಕಾರಣವಿರಬಹುದು. ನನಗೆ ಮಾತ್ರ ಮೈಯೆಲ್ಲ ಉರಿಯಿತು.

“ನಾಳೆ ಮತ್ತೆ ಬರ್ತೀನಿ,” ಎಂದಳು ತಪಾಸಣೆಯವಳು. “ಆಗ್ಲೂ ಇದು ಇಲ್ಲೇ ಇದ್ರೆ ಅರ್ಜಿ ವಜಾ.”

ಸಂಜೆಯೊಳಗೆ ಗೀಸರ್ ಗುಜರಿಗೆ ಹೋಯಿತು. ಈ ಸಲ ನಾನೇ ಜೊತೆಗೆ ಹೋಗಿ ಬಿಟ್ಟುಬಂದೆ. ಹಿತ್ತಲ ಯಂತ್ರ ಗುಂಯ್ ಎಂದಿತು. ಸಹಾಯಧನವೂ ಬಂತು, ಪಾರ್ಲರೂ ಉಳಿಯಿತು.

ಸರ್ಕಾರದ ಮೇಲಿದ್ದ ನನ್ನ ಅನುಮಾನ ಹೋಯಿತು. ಈಗ ಬೆಳಿಗ್ಗೆ ಗಂಡ “ನೀರು ಕಾದಿದೆ ಕಣೇ” ಎಂದರೆ ಕೈಯದ್ದಿ ನೋಡುತ್ತೇನೆ. ಅವನು ಪಕ್ಕದಲ್ಲೇ ನಿಂತಿರುತ್ತಾನೆ.