ಯೆಸ್ ಅಂದದ್ದು

“ಯೆಸ್ ಸರ್,” ಎಂದ ಈಶಪ್ಪ. ಮೇಜಿನ ಆಚೆ ಕೂತ ಸಾಹೇಬ ಇನ್ನೂ ಏನೇನೋ ಹೇಳುತ್ತಲೇ ಇದ್ದ. ಈಶಪ್ಪ ಅವನ ಒಂದೊಂದು ಶಬ್ದವನ್ನೂ ಆರಿಸಿ ಅರ್ಥ ಹಚ್ಚಿಕೊಳ್ಳುತ್ತ, ಮಾತಿನಲ್ಲಿ ಸಂದು ಸಿಕ್ಕಾಗಲೆಲ್ಲ ಮತ್ತೆ, “ಯೆಸ್ ಸರ್, ಯೆಸ್,” ಎನ್ನುತ್ತಿದ್ದ. ದೊಡ್ಡವರು ಮಾತಾಡುವಾಗ ಹೂಂಗುಟ್ಟದೆ ಕೂತರೆ ಅದನ್ನು ಸೊಕ್ಕು ಎನ್ನುವ ಊರಲ್ಲಿ ಅವನು ಹುಟ್ಟಿ ಬೆಳೆದಿದ್ದ.

ಆಫೀಸಿನ ಹೊರಗೆ, ಕಟ್ಟೆಯ ಮೇಲೆ, ರಮಜಾನಸಾಬ ಗೋಡೆಗೆ ಒರಗಿ ಕೂತಿದ್ದ. ಅವನ ಹೆಂಡತಿ ರಾಜಮಾ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದಳು. ರೋಣದ ಈ ಹತ್ತಿ ಗಿರಣಿಯಲ್ಲಿ ರಮಜಾನಸಾಬ ಮೀಸೆ ಮೂಡುವ ಮೊದಲಿನಿಂದ ದುಡಿದವನು. ಯುಗಾದಿಯ ಹಿಂದಿನ ವಾರ ಬಿಗಿದು ಕಟ್ಟಿ ಪೇರಿಸಿಟ್ಟಿದ್ದ ಹತ್ತಿಯ ಅಂಡಿಗೆಯೊಂದು ಜಾರಿ ಅವನ ಬಲಗಾಲ ಮೇಲೆ ಬಿದ್ದಿತ್ತು. ಗದಗಿನ ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿ ಕಳಿಸಿದರು. ಈಗ ಅವನು ಕೇಳುತ್ತಿದ್ದದ್ದು ಗಿರಣಿಯ ಗೇಟು ಕಾಯುವ ಕೆಲಸ, ಮತ್ತು ಕಂಪೌಂಡಿನೊಳಗೆ ತಾನಿದ್ದ ಖೋಲಿಯಲ್ಲೇ ಇರಗೊಡಬೇಕೆಂದು. ಗೇಟಿನವನು ಮುದುಕನಾಗಿ ಊರಿಗೆ ಹೋಗಿದ್ದ, ಜಾಗ ಖಾಲಿ ಇತ್ತು.

ಮ್ಯಾನೇಜರ್ ಪ್ರೆಂಟಿಸ್ ಸಾಹೇಬ ಇಂಗ್ಲೆಂಡಿನಿಂದ ಹೊಸದಾಗಿ ಬಂದವನು. ಕನ್ನಡವೂ ಬಾರದು, ಹಿಂದುಸ್ತಾನಿಯೂ ಬಾರದು. ನಡುವೆ ನಿಂತು ಮಾತಾಡುತ್ತಿದ್ದ ಮುಂಬಯಿಯ ಗುಮಾಸ್ತ ಕೆಲಸ ಬಿಟ್ಟು ಹೋಗಿದ್ದ. ಈಶಪ್ಪ ಹತ್ತಿಯ ದಲಾಲ. ಟವೆಲಿನ ಕೆಳಗೆ ಎದುರಿನವನ ಕೈ ಹಿಡಿದು, ಬೆರಳು ಒತ್ತಿಯೇ ದರ ಮುಗಿಸುವ ವಿದ್ಯೆ ಅವನಿಗೆ ಅಪ್ಪನಿಂದ ಬಂದದ್ದು. ಆದರೆ ಈ ಸಾಹೇಬನ ಮುಂದೆ ಟವೆಲು ಬಿಚ್ಚುವಂತಿರಲಿಲ್ಲ. ಅದಕ್ಕೇ ನಲವತ್ತು ದಾಟಿದವನು ಪ್ರಭುಲಿಂಗಪ್ಪ ಮಾಸ್ತರ ಮನೆಗೆ ಹೋಗಿ, ಸಾಲಿಯ ಹುಡುಗರ ಪಕ್ಕ ಕೂತು ಇಂಗ್ಲಿಷ್ ಕಲಿತಿದ್ದ. ಬರುವ ಹಂಗಾಮಿಗೆ ಅಬ್ಬಿಗೇರಿ, ಮೆಣಸಗಿ ಕಡೆಯ ಹತ್ತಿಯನ್ನೆಲ್ಲ ಕಂಪನಿಗೆ ಕೊಡಿಸುವ ದಲಾಲಿ ಅವನಿಗೇ ಸಿಗುವ ಹಾಗಿತ್ತು. ರಾಜಮಾ ಮನೆಗೆ ಬಂದು ಅತ್ತಾಗ, “ನಾ ಮಾತಾಡ್ತೀನಿ ಬಿಡ ತಂಗಿ. ಸಾಹೇಬ ನನ್ನ ಮಾತ ತಗದ ಹಾಕೂದಿಲ್ಲ,” ಎಂದು ತನ್ನ ಹೆಂಡತಿಯ ಎದುರಿಗೇ ಜಂಬದಿಂದ ಹೇಳಿದ್ದ.

ಆಫೀಸಿನೊಳಗೆ ಹೋದವನು ಪೇಟೆಯಲ್ಲಿ ಮಾತು ಹೇಗೆ ಸುರುವಾಗುತ್ತದೋ ಹಾಗೇ ಸುರು ಮಾಡಿದ. “ನೀವು ದೊಡ್ಡವರು. ನೀವು ಏನು ಕೊಟ್ಟರೂ ನಾವು ತಗೊಳ್ತೇವೆ,” ಎಂದು ರಾತ್ರಿಯೆಲ್ಲ ಬಾಯಿಪಾಠ ಮಾಡಿದ ಇಂಗ್ಲಿಷಿನಲ್ಲಿ ಹೇಳಿದ. ರೋಣದ ಪೇಟೆಯಲ್ಲಿ ಹೀಗೆ ಅಂದರೆ ಎದುರಿನವನು, “ಛೇ ಛೇ, ನೀವ ಹೇಳ್ರಿ,” ಎನ್ನಬೇಕು. ಚಹಾ ತರಿಸಬೇಕು. ದೊಡ್ಡವನು ಅನ್ನಿಸಿಕೊಂಡ ಮೇಲೆ ಸಣ್ಣತನ ಮಾಡಲು ನಾಚಬೇಕು. ಆಮೇಲೆ ಜಗ್ಗಾಟ.

ಪ್ರೆಂಟಿಸ್ ಸಾಹೇಬ ಚಹಾ ತರಿಸಲಿಲ್ಲ. “ಒಳ್ಳೆಯದು, ಹಾಗಾದರೆ ಕೆಲಸ ಸುಲಭವಾಯಿತು,” ಎಂದು ಸರಸರನೆ ಹೇಳುತ್ತ ಹೋದ. ಕಾಯಿದೆಯ ಪ್ರಕಾರ ಕೊಡಬೇಕಾದ ಪರಿಹಾರವನ್ನು ಒಮ್ಮೆಲೇ ಕೊಡುವುದು. ಕಾರಹುಣ್ಣಿವೆಯ ಹೊತ್ತಿಗೆ ಖೋಲಿ ಬಿಡುವುದು. ಗೇಟಿಗೆ ಎರಡೂ ಕಾಲಿನ ಮನುಷ್ಯನನ್ನು ಹುಡುಕುವುದು. ಈಶಪ್ಪ ಕೇಳುತ್ತ, ಯೆಸ್ ಎನ್ನುತ್ತ ಕೂತ. ಕೊನೆಗೆ ಸಾಹೇಬ ಎದ್ದು ಕೈ ಚಾಚಿದ. ಈಶಪ್ಪ ಆ ಕೈ ಹಿಡಿದ. ಅವನ ಲೆಕ್ಕದಲ್ಲಿ ಕೈಗೆ ಕೈ ಬಂತೆಂದರೆ ವ್ಯವಹಾರ ಈಗ ಸುರು. ಸಾಹೇಬ ಒಂದು ಸಲ ಕುಲುಕಿ ಬಿಟ್ಟು, ಟೊಪ್ಪಿಗೆಗೆ ಕೈಹಾಕಿದಾಗ, ಮುಗಿದೇಹೋಯಿತೆಂದು ತಿಳಿಯಿತು.

“ಬಟ್ ಸರ್...” ಎಂದ.

“ನಮ್ಮ ಮಾತು ಆಯಿತಲ್ಲ?” ಸಾಹೇಬನ ಮುಖದಲ್ಲಿ ಸಿಟ್ಟಿರಲಿಲ್ಲ. “ನೀನು ಒಪ್ಪಿಕೊಂಡೆ. ಇನ್ನೊಮ್ಮೆ ಬಾ, ಹತ್ತಿಯ ವಿಷಯ ಮಾತಾಡೋಣ.”

ಹತ್ತಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಈಶಪ್ಪನ ನಾಲಗೆ ಅಲ್ಲೇ ನಿಂತಿತು. ನೋ ಎನ್ನಲು ಅವನಿಗೆ ಬರುತ್ತಿತ್ತು. ಮಾಸ್ತರು ಮೊದಲನೆಯ ದಿನವೇ ಕಲಿಸಿದ್ದರು.

ಹೊರಗೆ ಬಂದಾಗ ರಮಜಾನಸಾಬ ಗೋಡೆ ಹಿಡಿದು ಎದ್ದು ನಿಲ್ಲಲು ನೋಡಿದ. “ಏನಂದ್ರರಿ ಸಾಹೇಬ್ರು?”

“ನೋಡೂಣು ಅಂದಾರ,” ಎಂದ ಈಶಪ್ಪ.

ರಾಜಮಾ ಅವನ ಮುಖವನ್ನೇ ನೋಡಿದಳು.

ಕಾರಹುಣ್ಣಿವೆಯ ಮರುದಿನ ಗಿರಣಿಯ ಜಮಾದಾರ ಇಬ್ಬರನ್ನು ಕರೆದುಕೊಂಡು ಬಂದು ಖೋಲಿಯ ಸಾಮಾನು ಹೊರಗೆ ಇಡಿಸಿದ. ಸುದ್ದಿ ತಿಳಿದು ಈಶಪ್ಪ ಓಡಿಬಂದಾಗ ಚಕ್ಕಡಿ ಹೇರಿ ಆಗಿತ್ತು. ಟ್ರಂಕು, ಹರಕು ಕೌದಿ, ರೊಟ್ಟಿ ಹಂಚು, ಅವುಗಳ ನಡುವೆ ರಮಜಾನಸಾಬ. ಅವನು ಈಶಪ್ಪನನ್ನು ಕಂಡು ಸಲಾಮು ಮಾಡಿದ. ರಾಜಮಾ ಮಾಡಲಿಲ್ಲ.

“ತಂಗಿ, ನಾ ಇನ್ನೊಮ್ಮಿ ಹೋಗಿ...”

“ಬ್ಯಾಡ್ರಿ ಅಣ್ಣಾರ.” ಅವಳು ಹಗ್ಗದ ಗಂಟು ಬಿಗಿಯುತ್ತಲೇ ಹೇಳಿದಳು. “ನೋಡೂಣು ಅಂದಾರ ಅಂದ್ರಿ. ನಾ ಬಾಗಲದಾಗ ನಿಂತಿದ್ನಿ. ನೀವು ಬಾಯಿತುಂಬ ಯೆಸ್ ಯೆಸ್ ಅಂದದ್ದು ಕೇಳೇನಿ. ಅಷ್ಟು ಇಂಗ್ಲೀಷ್ ಗಿರಣ್ಯಾಗಿನ ಕಸಾ ಹೊಡ್ಯಾಕಿಗೂ ಬರತೈತ್ರಿ.”

ಚಕ್ಕಡಿ ಅಬ್ಬಿಗೇರಿಯ ದಾರಿ ಹಿಡಿಯಿತು. ಅಲ್ಲಿ ರಾಜಮಾಳ ತವರು.

ಈಶಪ್ಪ ಆ ಸಂಜೆಯೇ ಮಾಸ್ತರ ಮನೆಗೆ ಹೋದ. ನಡೆದದ್ದನ್ನು ಮುಚ್ಚಿಡದೆ ಹೇಳಿದ. ಪ್ರಭುಲಿಂಗಪ್ಪ ಮಾಸ್ತರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡರು. “ತಪ್ಪು ನಂದೂ ಐತಿ ಈಶಪ್ಪ. ನಾ ನಿನಗ ಶಬ್ದ ಅಷ್ಟ ಕಲಿಸಿದೆ,” ಎಂದು, ಬೇಕಾದ ಮಾತನ್ನು ಹೇಳಿಕೊಟ್ಟರು. ಮರುದಿನ ಈಶಪ್ಪ ಸಾಹೇಬನ ಮುಂದೆ ನಿಂತು, ಕೂರು ಎಂದರೂ ಕೂರದೆ, ಒಂದೇ ಉಸಿರಿಗೆ ಹೇಳಿದ: “ನಾನು ಯೆಸ್ ಅಂದದ್ದು ಕೇಳಿಸಿತು ಎಂದು. ಒಪ್ಪಿದೆ ಎಂದಲ್ಲ. ಆ ಮನುಷ್ಯನಿಗೆ ಗೇಟಿನ ಕೆಲಸ ಬೇಕು, ಖೋಲಿ ಬೇಕು. ಅದಕ್ಕಿಂತ ಕಡಿಮೆಗೆ ನೋ.”

ಸಾಹೇಬ ಪೈಪು ಕೆಳಗಿಟ್ಟು ಅವನನ್ನು ಮೇಲಿನಿಂದ ಕೆಳಗೆ ನೋಡಿದ. ನಿಧಾನವಾಗಿ, ಈಶಪ್ಪನಿಗೆ ತಿಳಿಯುವ ಹಾಗೆ ಮಾತಾಡಿದ. “ಇದನ್ನು ಅಂದೇ ಏಕೆ ಹೇಳಲಿಲ್ಲ? ನೀನು ಅದನ್ನೇ ಕೇಳುತ್ತೀ ಎಂದು ನಾನು ತಿಳಿದಿದ್ದೆ. ಸ್ವಲ್ಪ ಎಳೆದಾಡಿ ಕೊಟ್ಟುಬಿಡೋಣ ಎಂದುಕೊಂಡೇ ಕೂತಿದ್ದೆ. ನೀನು ಏನೂ ಕೇಳಲೇ ಇಲ್ಲ. ಈಗ ಗೇಟಿಗೆ ಬೇರೆಯವನು ಬಂದಾಯಿತು, ಅವನಿಗೂ ಹೆಂಡತಿ ಮಕ್ಕಳಿದ್ದಾರೆ.” ಆಮೇಲೆ ಮೇಜಿನ ಮೇಲೆ ಬಾಗಿ, “ಆದರೆ ಇವತ್ತು ನೀನು ವ್ಯವಹಾರಸ್ಥನ ಹಾಗೆ ಮಾತಾಡಿದೆ. ಇಂಥವನೇ ನನಗೆ ಬೇಕು,” ಎಂದ. ಹತ್ತಿಯ ದಲಾಲಿ ಈಶಪ್ಪನಿಗೆ ಆಯಿತು. ಅವನು ಬೇಡ ಎನ್ನಲಿಲ್ಲ.

ಶ್ರಾವಣದಲ್ಲಿ ಒಂದು ದಿನ ಅವನು ಅಬ್ಬಿಗೇರಿಗೆ ಹೋದ. ರಾಜಮಾಳ ತವರುಮನೆಯ ಅಂಗಳದಲ್ಲಿ, ಬೇವಿನ ಮರದ ಕೆಳಗೆ, ರಮಜಾನಸಾಬ ಹೊರಸಿನ ಮೇಲೆ ಮಲಗಿದ್ದ. ಕೆನ್ನೆ ಒಳಗೆ ಹೋಗಿತ್ತು. ಮೊಂಡುಗಾಲಿಗೆ ಸುತ್ತಿದ ಬಟ್ಟೆಯಿಂದ ವಾಸನೆ ಬರುತ್ತಿತ್ತು. ರಾಜಮಾ ಹೆಸರುಕಾಯಿ ಬಿಡಿಸಲು ಕೂಲಿಗೆ ಹೋಗಿದ್ದಳು. ಈಶಪ್ಪ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಸಾಹೇಬ ಅಂದದ್ದನ್ನೆಲ್ಲ ಹೇಳಿದ. ಕೇಳಿದ್ದರೆ ಕೊಡುತ್ತಿದ್ದ ಎಂಬುದನ್ನೂ ಹೇಳಿದ.

ರಮಜಾನಸಾಬ ಬೇವಿನ ಟೊಂಗೆಯನ್ನೇ ನೋಡುತ್ತಿದ್ದ. “ಇದನ್ನ ಅಕಿ ಮುಂದ ಹೇಳಬ್ಯಾಡ್ರಿ ಸಾವ್ಕಾರ್ರ,” ಎಂದ.

ಅಷ್ಟರಲ್ಲಿ ರಾಜಮಾ ಬಂದಳು. ಉಡಿಯೊಳಗಿನ ಹೆಸರುಕಾಯಿಯನ್ನು ಮೊರಕ್ಕೆ ಸುರಿದು, ಸೆರಗಿನಿಂದ ಮುಖ ಒರೆಸಿಕೊಂಡು, ಈಶಪ್ಪನನ್ನು ನೋಡಿದಳು. “ಏನರ ಸುದ್ದಿ ಐತೇನ್ರಿ ಅಣ್ಣಾರ?”

“ಏನಿಲ್ಲ, ಸುಮ್ನ ಮಾತಾಡ್ಸಿ ಹೋಗಾಕ ಬಂದಾರ,” ಎಂದ ರಮಜಾನಸಾಬ. “ಬಿಸಲು ಕಾಲಿಗೆ ಬಂತು. ಒಂಚೂರು ಹೊರಸು ಸರಸ್ರಿ.”

ಈಶಪ್ಪ ತಲೆಯ ಕಡೆ ಹಿಡಿದ. ರಾಜಮಾ ಕಾಲಿನ ಕಡೆ ಹಿಡಿದಳು. ಮನುಷ್ಯ ಮಲಗಿದ್ದರೂ ಹೊರಸು ಖಾಲಿಯಿದ್ದ ಹಾಗೆ ಸಲೀಸಾಗಿ ಮೇಲೆದ್ದಿತು. ಇಬ್ಬರೂ ಅದನ್ನು ಗೋಡೆಯ ನೆರಳಿಗೆ ತಂದು, ಅಲುಗದ ಹಾಗೆ, ಮೆಲ್ಲಗೆ ಇಳಿಸಿದರು.