ಮೋತಿಬಾಯಿಯ ಕನ್ನಡಕ

“ಹಂಗ ತಿಕ್ಕಬ್ಯಾಡೋ, ಸತ್ತವ್ರಿಗೂ ನೋವಾಕ್ಕೈತಿ,” ಎಂದು ಜೊತೆಗೆ ಸ್ನಾನ ಮಾಡಿಸುತ್ತಿದ್ದ ಹಿರಿಯ ಮೈಬೂಬಸಾಬ ಗದರಿದ.

ಮಹಮ್ಮದ ಕೈ ಹಗುರ ಮಾಡಿದ. ಹಲಗೆಯ ಮೇಲೆ ಮಲಗಿದ್ದ ತಂದೆ ಮೀರಾಸಾಬನ ಮೂಗಿನ ಎರಡೂ ಬದಿಗೆ, ಕನ್ನಡಕ ಕೂತು ಕೂತು ಬಿದ್ದ ಎರಡು ಕಪ್ಪು ಕುಳಿಗಳಿದ್ದವು. ಒದ್ದೆ ಹತ್ತಿಯಿಂದ ಮೂರು ಸಲ ಒರೆಸಿದ್ದ. ಅವೇನು ಕೊಳೆಯೇ, ಹೋಗಲು? ಗೋವೆಯ ಡಿಚೋಲಿಯ ಬಸ್‌ಸ್ಟ್ಯಾಂಡಿನ ಪಕ್ಕದ ಜಗಲಿಯಲ್ಲಿ ಒಂದು ಮರದ ಪೆಟ್ಟಿಗೆ ಇಟ್ಟುಕೊಂಡು, ಊರವರ ಮೂಗಿಗೆಲ್ಲ ಕನ್ನಡಕ ಮೆತ್ತಗೆ ಕೂರುವ ಹಾಗೆ ಮಾಡಿಕೊಟ್ಟ ಮನುಷ್ಯ ಅವನು. ಇಪ್ಪತ್ತೆರಡು ವರ್ಷ ಅದೇ ಕೆಲಸ. ತನ್ನ ಮೂಗಿಗೆ ಮಾತ್ರ ರಬ್ಬರು ಕಿತ್ತುಹೋದ ಹಳೇ ತಂತಿಯ ಚೌಕಟ್ಟೇ ಸಾಕೆಂದು ಕಡೆಯವರೆಗೂ ಅದನ್ನೇ ಹೊತ್ತ. ಯಾಕೆ ಎಂದು ಕೇಳಿದರೆ ನಕ್ಕು ಮಾತು ತಿರುಗಿಸುತ್ತಿದ್ದ.

ಅಡ್ಡ ಕಟ್ಟಿದ್ದ ಚಾದರದ ಆಚೆಯಿಂದ ಕೊಡ ಕೆಳಗಿಟ್ಟ ಸದ್ದು ಬಂತು.

“ತಮ್ಮಾ, ಇನ್ನೆರಡ ಕೊಡ ತರ್ಲೇನ?”

ಅದು ಹೀರಪ್ಪನ ದನಿ. ಮಹಮ್ಮದನ ಕೈ ನಿಂತುಹೋಯಿತು.

“ಸಾಕ್ರಿ ಕಾಕಾ.”

“ಸಾಕಂತ ಹೆಂಗಂತಿ? ನೀರ ಆರೇತಿ. ತಡಿ, ಬಿಸಿದ ತರ್ತೇನಿ.”

ಹೀರಪ್ಪ ಗಣಿಯ ಕೂಲಿ, ವಿಜಾಪುರದ ಕಡೆಯ ತಾಂಡಾದವನು. ನಸುಕಿನಲ್ಲಿ ಸುದ್ದಿ ಮುಟ್ಟಿದ್ದೇ, ಪಾಳಿಯಿಂದ ನೆಟ್ಟಗೆ ಇಲ್ಲಿಗೇ ಬಂದಿದ್ದ. ಹುಬ್ಬಿನ ಮೇಲೆ ಅದಿರಿನ ಧೂಳು ಹಾಗೇ ಇತ್ತು. ಕಟ್ಟಿಗೆ ಒಡೆದವನು, ಹಂಡೆ ಹೊತ್ತಿಸಿದವನು, ನೆಂಟರಿಗಿಂತ ಹೆಚ್ಚು ಅತ್ತವನು ಅವನೇ. ಅವನೊಬ್ಬ ಇವತ್ತು ಬಾರದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಮಹಮ್ಮದ ಬೆಳಗಿನಿಂದ ನೂರು ಸಲ ಅಂದುಕೊಂಡಿದ್ದ. ಹಾಗೆ ಅಂದುಕೊಂಡಿದ್ದಕ್ಕೆ ನಾಚಿಕೆಯನ್ನೂ ಪಟ್ಟಿದ್ದ.

ಸ್ನಾನ ಮುಗಿದು ಕಫನ್ನಿನ ಬಿಳಿ ಬಟ್ಟೆ ಸುತ್ತಿದರು. ಅಂಗಳದಲ್ಲಿ ಮಂದಿ ಕೂತಿತ್ತು. ಸಾವಿನ ಮನೆಯಲ್ಲೂ ಮಾತಿಗೆ ಬರವಿಲ್ಲ. ಅತ್ತು ದಣಿದವರು ಸತ್ತವನ ಕತೆ ಹೇಳುತ್ತಾರೆ. ಅದಿರಿನ ಲಾರಿ ಓಡಿಸುವ ಥಾವರಪ್ಪ ಶುರು ಮಾಡಿದ.

“ನಂದು ದೂರಕ್ಕೊಂದು ಹತ್ರಕ್ಕೊಂದು ಜೋಡಿ ನಂಬರಿನ ಚಸ್ಮಾ ನೋಡ್ರಿ. ಮೂಗಿಗೆ ರಬ್ಬರ ಹಾಕಿಕೊಟ್ರು. ಚಲೋ ಕುಂತೈತ್ರಿ ಅಂದೆ. ಬಿಡವಲ್ರು! ಪೋಸ್ಟಾಫೀಸಿನ ಪಾವಟಿಗಿ ಹತ್ತಿ ಇಳದ ತೋರ್ಸು ಅಂದ್ರು. ಒಮ್ಮೆ ಅಲ್ರಿ, ಮೂರ ಸಲ. ಬಜಾರದ ಮಂದೆಲ್ಲಾ ನಿಂತ ನೋಡಾಕತ್ತಿತ್ತು. ನನಗ ಮದಲಿಂಗನ ಮೆರವಣಿಗಿ ಆತು.”

ಒಂದಿಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮೀರಾಸಾಬನ ಆ ಮೆಟ್ಟಿಲು ಹತ್ತಿಸಿ ಇಳಿಸುವ ಖಯಾಲಿ ಡಿಚೋಲಿಗೆಲ್ಲ ಗೊತ್ತಿದ್ದದ್ದೇ.

“ಅಷ್ಟ ಕಾಳಜಿ ಆ ಮನಷ್ಯಾಂದು,” ಎಂದ ಹೀರಪ್ಪ, ಕೊಡ ಬೋರಲು ಹಾಕುತ್ತ. “ನನ್ನ ಮೋತೀಗೂ ಏನ ಚಂದ ಮಾಡಿಕೊಟ್ಟಿದ್ರು! ಮೂಗಿನ ಮ್ಯಾಲ ಐತೋ ಇಲ್ಲೋ ಅಂತ ಮುಟ್ಟಿ ಮುಟ್ಟಿ ನೋಡ್ಕೋತಿದ್ಲು. ಅಕಿ ಇದ್ದಿದ್ರ ಇವತ್ತ ಇಲ್ಲಿ ಬಿದ್ದ ಹೊಳ್ಳಾಡಿ ಅಳತಿದ್ಲು.” ತೋಳಿನಿಂದ ಮುಖ ಒರೆಸಿಕೊಂಡ. “ಪಾಪಿ ನಾನ. ಅಂಗಿ ತೊಳದಿಲ್ಲಂತ ಬೈದ ಕಳಿಸಿದೆ. ನಾ ಕಳಿಸಿದ್ದಕ್ಕ ಹ್ವಾದ್ಲು.”

ಈ ಮಾತನ್ನು ಎಲ್ಲರೂ ಒಂಬತ್ತು ವರ್ಷಗಳಿಂದ ಕೇಳುತ್ತ ಬಂದಿದ್ದರು. ಮಹಮ್ಮದ ಎದ್ದು ಒಳಗೆ ಹೋದ.

*

ಕಳೆದ ಗುರುವಾರ ಮಧ್ಯಾಹ್ನ, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿ ಎರಡು ದಿನವಾಗಿತ್ತು. ಮೀರಾಸಾಬ ಮಗನನ್ನು ಹಾಸಿಗೆಯ ಹತ್ತಿರ ಕೂರಿಸಿಕೊಂಡು, ಪೆಟ್ಟಿಗೆಯ ತಳದಿಂದ ಒಂದು ಬಟ್ಟೆಯ ಗಂಟು ತೆಗೆಸಿದ. ಒಳಗೆ ದಪ್ಪ ಕಪ್ಪು ಚೌಕಟ್ಟಿನ ಕನ್ನಡಕ. ಗಾಜಿನಲ್ಲಿ ಅಡ್ಡ ಗೆರೆ. ಮೇಲಿನ ಭಾಗ ದೂರಕ್ಕೆ, ಕೆಳಗಿನದು ಹತ್ತಿರಕ್ಕೆ.

“ಹಾಕ್ಕೊ. ಹಾಕ್ಕೊಂಡ ಹೊಸ್ತಿಲಾ ಇಳಿ.”

ಮಹಮ್ಮದ ಹಾಕಿಕೊಂಡು ಹೊಸ್ತಿಲಿಗೆ ಹೋದ. ಕಾಲು ಎತ್ತಿದವನು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ. ತಲೆ ಎಷ್ಟು ತಗ್ಗಿಸಿದರೂ ಆ ಗೆರೆ ಕಣ್ಣಿನ ನಡುವೆಯೇ ಬರುತ್ತಿತ್ತು. ಕೆಳಗಿನ ಮೆಟ್ಟಿಲು ಉಬ್ಬಿಕೊಂಡು ಮೇಲೆ ಬಂದ ಹಾಗೆ, ಇದ್ದದ್ದಕ್ಕಿಂತ ಹತ್ತಿರ ಕಾಣುತ್ತಿತ್ತು.

“ಅದು ಮೋತಿಬಾಯೀದು,” ಎಂದ ತಂದೆ.

ಮೋತಿಬಾಯಿ ಹೀರಪ್ಪನ ಹೆಂಡತಿ. ಕನ್ನಡಿ ಚೂರು ಕೂರಿಸಿ ಚೀಲ, ದಿಂಬಿನ ಬಟ್ಟೆ ಕಸೂತಿ ಮಾಡಿ, ಕಲಂಗುಟ್‌ನ ಸಮುದ್ರದಂಡೆಯಲ್ಲಿ ಪರದೇಶದವರಿಗೆ ಮಾರುತ್ತಿದ್ದಳು. ಸೂಜಿಯ ಕಣ್ಣು ಕಾಣದಾದಾಗ ಯಾವುದೋ ಪುಕ್ಕಟೆ ಶಿಬಿರದಲ್ಲಿ ಈ ಕನ್ನಡಕ ಸಿಕ್ಕಿತು. ಭಾರಕ್ಕೆ ಅದು ಜಾರಿ ಬಂದು ಅವಳ ಮೂಗುತಿಯ ಮೇಲೆ ಕೂರುತ್ತಿತ್ತು. ಮೂಗು ಹುಣ್ಣಾಯಿತು. ಮೂಗುತಿ ತೆಗೆದಿಡು ಎಂದರೆ, ಗಂಡ ಬದುಕಿರುವಾಗ ಮೂಗು ಬರಿದು ಮಾಡುವುದಿಲ್ಲ ಎಂದು ಅವಳ ಹಟ. ಆಗ ಮೀರಾಸಾಬ ಸೈಕಲ್ಲಿನ ವಾಲ್ವಿನ ರಬ್ಬರು ಸೀಳಿ, ಪದರದ ಮೇಲೆ ಪದರ ಅಂಟಿಸಿ, ಚೌಕಟ್ಟು ಮೂಗುತಿಗೆ ತಾಗದಂತೆ ಮೇಲಕ್ಕೆ ಎತ್ತಿ ಕೂರಿಸಿದ. ಎರಡು ಗೋಧಿಕಾಳಿನಷ್ಟು ಎತ್ತರ, ಅಷ್ಟೇ. ‘ಏನೂ ಹಾಕ್ಕೊಂಡಂಗ ಇಲ್ರಿ ಮಾಮಾ’ ಎಂದು ನಗುತ್ತ ಹೋದಳಂತೆ. ಅವನೂ ಹಿಗ್ಗಿದ್ದ. ಚೌಕಟ್ಟಿನ ಸಂಗಡ ಗೆರೆಯೂ ಮೇಲೇರುತ್ತದೆ ಎನ್ನುವುದು ಅವನಿಗೆ ಹೊಳೆಯಲಿಲ್ಲ. ಮೂಗು ನೋಡುತ್ತಿದ್ದವನು ಕಣ್ಣು ಮರೆತಿದ್ದ.

ಎಂಟನೇ ದಿನ ಅವಳು ಬಟ್ಟೆ ಒಗೆಯಲು ಹಳೇ ಕಲ್ಲುಗಣಿಗೆ ಇಳಿದಳು. ಕೆಂಪು ಕಲ್ಲಿನಲ್ಲಿ ಕಡಿದ ಮೆಟ್ಟಿಲು, ಕೆಳಗೆ ನಿಂತ ನೀರು. ನಾಲ್ಕನೆಯ ಮೆಟ್ಟಿಲಿನಿಂದ ಬಿದ್ದು ತಲೆ ಒಡೆಯಿತು. ಕನ್ನಡಕ ಮಾತ್ರ ಒಡೆಯದೆ ಮೆಟ್ಟಿಲ ಮೇಲೆಯೇ ಸಿಕ್ಕಿತು. ಮಣ್ಣಾದ ಮೇಲೆ ಹೀರಪ್ಪನೇ ಅದನ್ನು ತಂದು, ‘ಯಾರರೇ ಬಡವ್ರಿಗೆ ಕೊಡ್ರಿ ಸಾಬ್ರ’ ಎಂದು ಮೀರಾಸಾಬನ ಕೈಗಿಟ್ಟ.

“ಸಂಜೀಕ ಹಾಕ್ಕೊಂಡ ನೋಡಿದೆ,” ಎಂದ ತಂದೆ. “ಈಗ ನೀ ನಿಂತ್ಯಲ್ಲ, ಅಲ್ಲೇ ನಿಂತೆ.”

“ಮತ್ತ ಅವಗ ಯಾಕ ಹೇಳಲಿಲ್ಲ?”

“ಮರುದಿನ ಹೇಳಬೇಕಂತ ಹೋದೆ. ನನ್ನ ಕೈ ಹಿಡಕೊಂಡ ಅತ್ತ. ಆಗ ಬಾಯಿ ಬರಲಿಲ್ಲ. ಆಮ್ಯಾಲ ಅಂಜಿಕಿ ಬಂತು. ಆಮ್ಯಾಲ ಹೇಳದ ಇರೂದ ರೂಢಿ ಆತು.” ಉಸಿರು ಕೂಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು. “ಜನಾಜಾದಾಗ ನನ್ನ ಪರವಾಗಿ ನೀ ಎಲ್ಲಾರ್ನೂ ಒಟ್ಟ ಮಾಫಿ ಕೇಳ್ತಿ. ಚಹಾ ಬೇಕೇನಂದ್ರ ಹ್ಞೂ ಅಂದಂಗ ಎಲ್ಲಾರೂ ಮಾಫ್ ಅಂತಾರ. ಹಂತಾ ಮಾಫಿ ನನಗ ಬ್ಯಾಡ. ಹೀರಪ್ಪಗ ಹೆಸರ ಹಿಡದ ಹೇಳು. ಮಾಡಿದ್ದ ಹೇಳು. ಆಮ್ಯಾಲ ಕೇಳು.”

ಮಹಮ್ಮದ ಹ್ಞೂ ಎಂದ. ಸಾಯುವವನ ಮುಂದೆ ಹ್ಞೂ ಅನ್ನುವುದು ಬಹಳ ಸುಲಭ.

*

ಒಳಗೆ ಹೆಂಗಸರ ನಡುವೆ ಕೂತಿದ್ದ ತಾಯಿ ಹಜರತಬಿ ಮಗನನ್ನು ನೋಡಿ ಎದ್ದು, ಅಡುಗೆಯ ಮೂಲೆಗೆ ಕರೆದಳು.

“ಹೆಸರ ಹಿಡದ ಕೇಳಾಂವ ಅದಿಯೇನ?”

“ನಿನಗೂ ಗೊತ್ತೇನಮ್ಮಾ?”

“ಒಂಬತ್ತ ವರ್ಷ ಆ ಮನಷ್ಯಾ ನಿದ್ದ್ಯಾಗ ಪಾವಟಿಗಿ ಇಳದಾನ. ಬಾಜೂಕ ಮಲಗಿದಾಕಿಗೆ ಗೊತ್ತಾಗದ ಇರ್ತೈತೇನು?” ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ನನ್ನ ಮಾತ ಕೇಳು. ಎಲ್ಲಾರ್ನೂ ಒಟ್ಟಿಗೆ ಕೇಳು. ಅವರಾಗ ಅವನೂ ಬರ್ತಾನ. ಅಲ್ಲಾಗ ತಿಳೀತೈತಿ.”

“ಅಬ್ಬಾಗ ಮಾತ ಕೊಟ್ಟೇನಿ.”

“ಸತ್ತಾವ್ರ ಮಣ್ಣಾಗ ಹೋಗ್ತಾರ. ನಾಳಿಂದ ಆ ಪೆಟ್ಟಿಗಿ ಮುಂದ ಕುಂಡ್ರಾಂವ ನೀನು. ಮೀರಾಸಾಬ ಒಬ್ಬಾಕಿನ ಕೊಂದ ಅಂದ್ರ ನಿನ್ನ ಕೈಯಾಗ ಯಾರ ಚಸ್ಮಾ ಕೊಡ್ತಾರ? ಮನಿಗೆ ಬಂದ ಇಷ್ಟ ಮಂದಿ ಮುಂದ ನಿಮ್ಮಪ್ಪನ ಹೆಸರ ಹಾಳ ಮಾಡಬ್ಯಾಡೋ ನನ್ನಪ್ಪ.”

ತಾಯಿಯ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ತಾನು ದುಡಿಯುತ್ತಿದ್ದ ಕುಂಡಯಿಯ ಕಾರ್ಖಾನೆ ಬಾಗಿಲು ಹಾಕಿದ ಮೇಲೆ, ಎರಡು ವರ್ಷದಿಂದ ಅವನಿಗೆ ಇದ್ದದ್ದು ಆ ಪೆಟ್ಟಿಗೆಯೊಂದೇ. ಕೈ ಈಗಷ್ಟೇ ಪಳಗುತ್ತಿತ್ತು. ಮಂದಿ ಬರುತ್ತಿದ್ದದ್ದು ಮೀರಾಸಾಬನ ಮಗನೆಂದು.

ಜನಾಜಾ ಎತ್ತಿದರು. ಹೀರಪ್ಪ ಎಲ್ಲರಿಗಿಂತ ಮುಂದೆ ಹೆಗಲು ಕೊಟ್ಟ. ಮೇ ತಿಂಗಳ ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಅದಿರಿನ ಲಾರಿಗಳು ಜನಾಜಾ ಕಂಡು ಬದಿಗೆ ಸರಿದು ನಿಂತವು. ಹಿಂದೆ ನಡೆಯುತ್ತಿದ್ದ ಮಹಮ್ಮದನಿಗೆ ಕಂಡದ್ದೆಲ್ಲ ಹೀರಪ್ಪನ ಬೆವೆತ ಕತ್ತು ಒಂದೇ.

ಖಬರಸ್ತಾನದ ಮುಂದಿನ ಬಯಲಿನಲ್ಲಿ ಸಾಲುಗಟ್ಟಿ ನಿಂತರು. ಹೀರಪ್ಪ, ಥಾವರಪ್ಪ ಚಪ್ಪಲಿ ಬಿಟ್ಟು ಗೋಡೆಯ ಹತ್ತಿರ ನಿಂತುಕೊಂಡರು. ನಮಾಜಿಗೆ ಮುಂಚೆ ಇಮಾಮರು ಮಹಮ್ಮದನನ್ನು ಮುಂದೆ ಕರೆದು, ಮಾಫಿ ಕೇಳು ಎಂದು ಸನ್ನೆ ಮಾಡಿದರು.

ಅವನು ಮಂದಿಯ ಕಡೆ ತಿರುಗಿದ. ಹೀರಪ್ಪ ಎಂಬ ಹೆಸರು ನಾಲಿಗೆಯ ಮೇಲೆ ಬಂದು ಕೂತಿತ್ತು. ಆದರೆ ಹೊರಗೆ ಬಂದದ್ದು ಬೇರೆ.

“ನಮ್ಮ ಅಬ್ಬಾ ಮಾತಿಲೆ ಆಗ್ಲಿ, ಕೈಲೆ ಆಗ್ಲಿ, ಗೊತ್ತಿದ್ದೋ ಗೊತ್ತಿಲ್ದನೋ ಯಾರಿಗರೇ ನೋವ ಮಾಡಿದ್ರ, ಮಾಫ್ ಮಾಡ್ರಿ.”

“ಮಾಫ್, ಮಾಫ್,” ಎಂದಿತು ಮಂದಿ, ಒಂದೇ ಉಸಿರಿಗೆ.

ಗೋಡೆಯ ಕಡೆಯಿಂದ ಹೀರಪ್ಪನ ದನಿ ಎಲ್ಲರಿಗಿಂತ ಜೋರಾಗಿ ಬಂತು. “ಆ ದೇವ್ರಂಥಾ ಮನಷ್ಯಾಗ ಎಂಥಾ ಮಾಫಿ ತಮ್ಮಾ! ಎಲ್ಲಾ ಮಾಫ್!”

ಆಯಿತಲ್ಲ, ಅವನ ಬಾಯಿಂದಲೇ ಬಂತಲ್ಲ ಎಂದು ಮಹಮ್ಮದನ ಎದೆಯ ಭಾರ ಇಳಿಯಿತು. ಇಳಿದ ಮರುಕ್ಷಣವೇ ಅವನಿಗೆ ತನ್ನ ಮೇಲೆ ಹೇಸಿಗೆ ಬಂತು. ಕಳ್ಳತನದ ಸಾಮಾನು ಕೈಯಲ್ಲಿ ಹಿಡಿದವನ ಹಾಗೆ ಅವನು ನಮಾಜಿಗೆ ನಿಂತ.

ಗುಂಡಿಯಲ್ಲಿ ಇಳಿಸಿ ಹಲಗೆ ಮುಚ್ಚಿದರು. ಒಬ್ಬೊಬ್ಬರಾಗಿ ಬಂದು ಮೂರು ಮೂರು ಹಿಡಿ ಮಣ್ಣು ಹಾಕಿದರು. ಮಂದಿ ಸರಿದ ಮೇಲೆ ಹೀರಪ್ಪ ಹತ್ತಿರ ಬಂದ.

“ನಾನೂ ಹಾಕಬೌದೇನ್ರಿ?”

“ನೀ ಹಾಕದ ಮತ್ಯಾರ ಹಾಕ್ಬೇಕೋ? ಬಾ,” ಎಂದ ಮೈಬೂಬಸಾಬ.

ಹೀರಪ್ಪ ಒಂದು ಹಿಡಿ ಹಾಕಿದ. ಎರಡು ಹಿಡಿ ಹಾಕಿದ. ಮೂರನೆಯದನ್ನು ಹಿಡಿದುಕೊಂಡು ಗುಂಡಿಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತು, ಒಳಗಿದ್ದವನ ಜೊತೆ ಮಾತಾಡುವ ಹಾಗೆ ದನಿ ತಗ್ಗಿಸಿದ.

“ಸಾಬ್ರ, ಅಲ್ಲಿ ನನ್ನ ಮೋತಿ ಕಂಡ್ರ ಹೇಳ್ರಿ. ಬೈದ ಕಳಿಸಬಾರದಿತ್ತು ಅಂತಾನ ಹೀರ್ಯಾ, ಅಂತ ಹೇಳ್ರಿ. ಅನ್ನಾ ಉಣ್ಣುಮುಂದೆಲ್ಲಾ ಅದ ನೆನಪಾಕ್ಕೈತಿ ಅಂತಾನ, ಅಂತ ಹೇಳ್ರಿ.”

ಮಹಮ್ಮದ ಮುಂದೆ ಬಂದು ಅವನ ಮುಂಗೈ ಹಿಡಿದ.

“ಕಾಕಾ, ತಡೀರಿ. ನೀವು ಕಳಿಸಿದ್ದಕ್ಕ ಅಲ್ರಿ ಕಾಕಿ ಹ್ವಾದದ್ದು.”

ಮೈಬೂಬಸಾಬ, “ಏ, ಈಗೇನದು?” ಎಂದ. ಮಹಮ್ಮದ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಎಂದು ಗೊತ್ತಿತ್ತು. ಮೂಗುತಿ, ರಬ್ಬರು, ಮೇಲೇರಿದ ಗೆರೆ, ಉಬ್ಬಿ ಕಂಡ ಮೆಟ್ಟಿಲು ಎಲ್ಲವನ್ನೂ, ತಂದೆ ಹೇಳಿದಂತೆಯೇ, ಸುತ್ತ ನಿಂತವರಿಗೆಲ್ಲ ಕೇಳುವಂತೆ ಹೇಳಿದ. “ತಪ್ಪ ಅಬ್ಬಾಂದು. ನಿಮ್ದಲ್ಲ. ಸಾಯೂಮುಂದ ನಿಮ್ಮ ಹೆಸರ ಹಿಡದ ಮಾಫಿ ಕೇಳಂದಿದ್ರು. ಆಗ ಅಂಜಿದೆ. ಈಗ ಕೇಳಾಕತ್ತೇನಿ.”

ಹೀರಪ್ಪ ಹಲಗೆಗಳ ಸಂದಿಯನ್ನೇ ನೋಡುತ್ತ ಕೇಳಿದ.

“ಅವಗ ಯಾವಾಗ ಗೊತ್ತಾತು?”

“ನೀವು ಚಸ್ಮಾ ತಂದಕೊಟ್ಟ ದಿನಾನ.”

“ಅವತ್ತಿಂದ?”

“ಅವತ್ತಿಂದ.”

ಹೀರಪ್ಪ ಎದ್ದು ನಿಂತ. “ಕೆಲಸದಾಗ ಕೈ ತಪ್ಪತೈತಿ, ಅದಕ್ಕ ನಾ ಏನೂ ಅನ್ನಂಗಿಲ್ಲ. ಅಕಿ ಮೂಗ ಹುಣ್ಣಾಗಿತ್ತು, ಚಲೋ ಆಗ್ಲಂತ ಮಾಡಿದ.” ದನಿ ಏರಲಿಲ್ಲ. “ಪ್ರತಿ ಐತವಾರ ಅವನ ಜಗಲಿಗೆ ಹೋಗಿ ಕುಂಡ್ರತಿದ್ದೆ. ನಾನ ಕೊಂದೆ, ನಾನ ಕೊಂದೆ ಅಂತ ಅಳತಿದ್ದೆ. ಬೆನ್ನ ಮ್ಯಾಲ ಕೈ ಆಡಿಸಿ, ಸಮಾಧಾನ ಮಾಡ್ಕೊ ಹೀರಪ್ಪ ಅಂತಿದ್ದ. ಒಂಬತ್ತ ವರ್ಷ.”

“ಕಾಕಾ, ಮಾಫ್—”

“ಮಣ್ಣ ಎಳೀರಿ,” ಎಂದ ಹೀರಪ್ಪ, ಸನಿಕೆ ಹಿಡಿದವರಿಗೆ. “ಬಿಸಲಾಗೇತಿ.”

ಅವನು ತಿರುಗಿ ಗೇಟಿನ ಕಡೆ ನಡೆದ. ಥಾವರಪ್ಪ ಕೂಗಿದರೂ ನಿಲ್ಲಲಿಲ್ಲ, ಚಪ್ಪಲಿಯನ್ನೂ ಹಾಕಿಕೊಳ್ಳಲಿಲ್ಲ. ಗುಂಡಿಗೆ ಮಣ್ಣು ಬೀಳುವ ಸದ್ದಿನ ನಡುವೆ ಮಹಮ್ಮದ ನೋಡುತ್ತಲೇ ನಿಂತ. ಅದಿರಿನ ಲಾರಿಗಳ ಸಾಲಿನ ಪಕ್ಕದಲ್ಲಿ, ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ಹೀರಪ್ಪ ಹೋಗುತ್ತಿದ್ದ. ಬಲಗೈಯ ಮುಷ್ಟಿ ಬಿಗಿಯಾಗಿ ಮುಚ್ಚಿತ್ತು, ಮೂರನೆಯ ಹಿಡಿ ಮಣ್ಣು ಅದರೊಳಗೇ ಇತ್ತು.