ಹದ್ಬಾಳ ಹೆಣ್ಣುಮರಿ

ಗಂಡ ಸತ್ತ ಮೇಲೆ ತುರ್ಫಾ ತನ್ನ ಹೆಣ್ಣುಕುದುರೆ ಹದ್ಬಾಳನ್ನು ಬಳಕೆಯ ಮನೆಯ ದಹಾಮನಿಗೆ ಮಾರಿದಾಗ ಒಂದೇ ಷರತ್ತು ಹಾಕಿದ್ದಳು: ಮೊದಲು ಹುಟ್ಟುವ ಹೆಣ್ಣುಮರಿ ತನ್ನದು. ಸಿರಿಯಾದ ಖಾಬೂರ್ ನದಿಯ ಕಡೆ ಅರಬರೆಲ್ಲರೂ ಹೀಗೇ ಮಾರುವುದು. ಕುದುರೆ ಹೋದರೂ ತಳಿ ಮನೆಯಲ್ಲಿ ಉಳಿಯಬೇಕಲ್ಲ. ಆ ತಳಿಯ ಬೇರೆ ಕುದುರೆ ಅವಳ ಬಳಿ ಒಂದೂ ಇರಲಿಲ್ಲ. ಆದರೂ ಹದ್ಬಾಳ ಹೆರಿಗೆಗೆ ಕಣ್ಣಿಡಲು ಕಾವಲು ಕಳಿಸಲಿಲ್ಲ. ಉಪ್ಪು ರೊಟ್ಟಿ ತಿಂದ ಮನೆಗೆ ಕಾವಲು ಕಳಿಸಿದರೆ ಮುಖಕ್ಕೆ ಉಗಿದಂತೆ. ಮರ್ಯಾದಸ್ಥೆ, ಪಾಪ.

ಮರಿ ಸತ್ತೇ ಹುಟ್ಟಿತೆಂದು ಸುದ್ದಿ ಬಂತು. ತುರ್ಫಾ ಕತ್ತೆ ಏರಿ ಹೊರಟಳು.

"ದೇವರಿಚ್ಛೆ, ಚಿಕ್ಕಮ್ಮಾ," ಎಂದ ದಹಾಮ್. "ಬಾ, ಕಾಫಿ ಕುಡಿ."

"ಕಾಫಿ ಆಮೇಲೆ. ಮೊದ್ಲು ಅದ್ರ ಮುಖ ನೋಡ್ತೀನಿ."

ಡೇರೆಯ ಹಿಂದೆ ಮರಿಗೆ ಗೋಣಿ ಮುಚ್ಚಿದ್ದರು. ಹೆಣ್ಣೇ. ತುರ್ಫಾ ಅದರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಗೊರಸು ತಿರುಗಿಸಿದಳು. ತಾಯಿಯ ಒಡಲು ಹರಿಯದಿರಲೆಂದು ಹುಟ್ಟುವ ಮರಿಯ ಗೊರಸಿಗೆ ಅಣಬೆಯಂಥ ಮೆತ್ತನೆ ಹೊದಿಕೆ ಇರುತ್ತದೆ. ಮರಿ ಎದ್ದು ಓಡಾಡಿದಂತೆ ಅದು ಸವೆದು ಉದುರುತ್ತದೆ. ಸತ್ತು ಹುಟ್ಟಿದ ಮರಿಗೆ ಅದು ಹಾಗೇ ಇರಬೇಕು. ಇಲ್ಲಿ ನಾಲ್ಕು ಕಾಲಲ್ಲೂ ಇರಲಿಲ್ಲ. ಗೊರಸಿನ ಅಡಿಗೆ ಮರಳು ಮೆತ್ತಿತ್ತು.

ಬಾಯೊಳಗೆ ಬೆರಳಿಟ್ಟಳು. ಒಸಡು ಒಣಗಿತ್ತು. ಹೊಟ್ಟೆ ಬೆನ್ನಿಗೆ ಅಂಟಿತ್ತು. ಮುಳ್ಳುಬೇಲಿಯ ಆಚೆ ಗೂಟಕ್ಕೆ ಬಿಗಿದ ಹದ್ಬಾಳ ಕೆಚ್ಚಲಿಂದ ಗಿಣ್ಣುಹಾಲು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಬೇಲಿಯ ಈಚೆ ಉದ್ದಕ್ಕೂ ಪುಟ್ಟ ಗೊರಸಿನ ಗುರುತುಗಳು, ಹೋಗಿ ಬಂದು, ಹೋಗಿ ಬಂದು. ಅಳಿಸುವ ಗೋಜಿಗೂ ದಹಾಮ್ ಹೋಗಿರಲಿಲ್ಲ. ವಿಧವೆ ಏನು ಮಹಾ ಕಿಸಿದಾಳು!

ತುರ್ಫಾ ದಹಾಮನ ಕಡೆ ತಿರುಗಿದಳು.

"ಇದು ಹಾಲಿಗೆ ಅಲೆದಲೆದು ಸತ್ತಿದೆ ಕಣೋ. ನೀನು ಮನುಷ್ಯನಾ?"

"ಮೈಮೇಲೆ ಗಾಯ ಐತಾ ತೋರ್ಸು. ಒಂದು ತೊಟ್ಟು ರಕ್ತ ತೋರ್ಸು. ನಾನು ಕೈ ಎತ್ತಿಲ್ಲ ಅಂತ ಹಿರೀಕರ ಮುಂದೆ ಆಣೆ ಇಡ್ತೀನಿ."

ಆ ಆಣೆ ಸುಳ್ಳಾಗುತ್ತಿರಲಿಲ್ಲ. ಅದೇ ಅವಳ ಹೊಟ್ಟೆ ಉರಿಸಿದ್ದು.

"ಯಾಕೋ? ಒಂದು ಮರಿ ನಂಗೆ ಕೊಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಎರಡು ಮನೇಲಿರೋ ತಳಿಗೆ ಯಾವ ಗತ್ತು, ಚಿಕ್ಕಮ್ಮಾ?"

ಅವನೇ ಮರಿಯನ್ನು ಎತ್ತಿ ಕತ್ತೆಯ ಬೆನ್ನಿಗೆ ಹಾಕಿ, ಜಾರದಂತೆ ಹಗ್ಗ ಬಿಗಿದ. ಆಚೆ ಹದ್ಬಾ ಗೂಟ ಜಗ್ಗಿ ಕೂಗುತ್ತಿತ್ತು.

"ಮೊದಲ ಹೆಣ್ಣುಮರಿ ನಿಂದು ಅಂತ ಮಾತಾಗಿತ್ತು, ತಗೋ, ಕೊಟ್ಟಿದ್ದೀನಿ," ಎಂದು ಕೈ ಒರೆಸಿಕೊಂಡ. "ಇನ್ನು ಹುಟ್ಟೋದೆಲ್ಲ ನಂದು."